ಗೋಡೆ ಮೇಲೆ ಒಬ್ಬರ ಹೆಸರು, ಗಲ್ಲಾದಲ್ಲಿ ಇನ್ನೊಬ್ಬರು: ಕಸುಬು ಬಿಟ್ಟವರ ಸನ್ನದು ಯಾಕೆ ನವೀಕರಿಸಬೇಕು?

ನಿಮ್ಮೂರ ಹತ್ತಿರದ ವೈನ್ ಶಾಪಿನಲ್ಲೋ ಬಾರಿನಲ್ಲೋ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆ ನೋಡಿ. ದೇವರ ಫೋಟೊಗಳ ಪಕ್ಕದಲ್ಲಿ ಫ್ರೇಮ್ ಹಾಕಿಸಿದ ಒಂದು ಕಾಗದ ನೇತಾಡುತ್ತಿರುತ್ತದೆ. ಅಬಕಾರಿ ಇಲಾಖೆ ಕೊಟ್ಟ ಸನ್ನದು ಅದು. ನಾವೆಲ್ಲ ಲೈಸೆನ್ಸ್ ಅನ್ನುತ್ತೇವೆ. ಅದರಲ್ಲಿರುವ ಹೆಸರು ಓದಿಕೊಳ್ಳಿ. ಆಮೇಲೆ ಕೌಂಟರಿನ ಮೇಲೆ ಅಂಟಿಸಿರುವ ಕ್ಯೂಆರ್ ಕೋಡ್‌ಗೆ ಫೋನ್ ಹಿಡಿಯಿರಿ. ದುಡ್ಡು ಕಳಿಸುವುದೇನೂ ಬೇಡ, ಯಾರ ಹೆಸರು ಬರುತ್ತದೆ ನೋಡಿದರೆ ಸಾಕು. ಗೋಡೆಯ ಮೇಲಿನ ಹೆಸರೇ ಬಂದರೆ ಸಂತೋಷ. ಬಾರದಿದ್ದರೆ ಈ ಲೇಖನ ನಿಮ್ಮೂರಿನದೇ ಅಂದುಕೊಂಡು ಮುಂದೆ ಓದಿ.

ಕುಡಿತ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ಅದನ್ನು ಈ ಬ್ಲಾಗಿನಲ್ಲಿ ಗೆಳೆಯರು ಬೇಕಾದಷ್ಟು ಬರೆದಿದ್ದಾರೆ, ಮುಂದೂ ಬರೆಯುತ್ತಾರೆ. ನನ್ನ ಪ್ರಶ್ನೆ ಸಣ್ಣದು. ಮದ್ಯದ ವ್ಯಾಪಾರವನ್ನು ಬಿಟ್ಟು ಎಷ್ಟೋ ವರ್ಷ ಆದವರ ಹೆಸರಿನಲ್ಲಿ, ಅವರು ಕಾಲೇ ಇಡದ ಅಂಗಡಿಗೆ, ವರ್ಷ ವರ್ಷ ಸನ್ನದು ನವೀಕರಿಸಿ ಕೊಡುತ್ತಾ ಹೋಗುವುದು ಸರಿಯಾ? ನನ್ನ ಪ್ರಕಾರ ಸರಿಯಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ. ನಮ್ಮ ರಾಜ್ಯದಲ್ಲಿ ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗಿ ಮುಂದಿನ ಜೂನ್ 30ಕ್ಕೆ ಮುಗಿಯುತ್ತದೆ. ಸನ್ನದುಗಳಿಗೆ ಬೇರೆ ಬೇರೆ ನಂಬರು. ಬಾಟಲಿ ಕೊಂಡು ಮನೆಗೆ ಒಯ್ಯುವ ಚಿಲ್ಲರೆ ಅಂಗಡಿ ಸಿಎಲ್-2. ಕೂತು ಕುಡಿಯುವ ಬಾರ್ ಸಿಎಲ್-9. ಲಾಡ್ಜ್ ಇರುವ ಹೋಟೆಲ್ ಸಿಎಲ್-7. ಎಂಎಸ್‌ಐಎಲ್ ಮಳಿಗೆಗೆ ಸಿಎಲ್-11ಸಿ. ಇವುಗಳಲ್ಲಿ ಸಿಎಲ್-2 ಮತ್ತು ಸಿಎಲ್-9 ಮುಖ್ಯ. 1992ರ ನಂತರ ಈ ಎರಡು ಬಗೆಯ ಹೊಸ ಸನ್ನದು ಕೊಡುವುದನ್ನು ಸರ್ಕಾರ ನಿಲ್ಲಿಸಿತು. ಇದ್ದವು ಇದ್ದಂಗೆ ಉಳಿದವು. 1992ರಲ್ಲಿ ಹುಟ್ಟಿದ ಮಗುವಿಗೆ ಈಗ ಮೂವತ್ತು ದಾಟಿದೆ, ಅದಕ್ಕೂ ಮಕ್ಕಳಾಗಿವೆ. ಅಂಗಡಿಯ ಕಾಗದ ಮಾತ್ರ ಅಂದು ಪಡೆದವರ, ಇಲ್ಲವೇ ಅವರಿಂದ ದುಡ್ಡು ಕೊಟ್ಟು ಹೆಸರು ಬದಲಿಸಿಕೊಂಡವರ, ಇಲ್ಲವೇ ಅವರ ವಾರಸುದಾರರ ಕೈಯಲ್ಲೇ ತಿರುಗುತ್ತಿದೆ.

ಹೊಸದು ಹುಟ್ಟುವುದಿಲ್ಲ ಅಂದಾಗ ಹಳೆಯದಕ್ಕೆ ಬೆಲೆ ಏರುತ್ತದೆ. ಊರ ಪಕ್ಕ ಬೈಪಾಸ್ ಬಂದಾಗ ಜಮೀನಿನ ಬೆಲೆ ಏರಿದ ಹಾಗೆ. ಸರ್ಕಾರಕ್ಕೆ ಕಟ್ಟುವ ವಾರ್ಷಿಕ ಶುಲ್ಕ ಲಕ್ಷಗಳ ಲೆಕ್ಕ. ಪೇಟೆಯಲ್ಲಿ ಅದೇ ಸನ್ನದಿನ ಮಾತುಕತೆ ಕೋಟಿಗೆ ಹೋಗುತ್ತದೆ. ಅಷ್ಟು ಬೆಲೆ ಇರುವ ಕಾಗದ ಕೈಯಲ್ಲಿದ್ದವರು ಬೆಳಗ್ಗೆ 10 ಗಂಟೆಗೆ ಶಟರ್ ಎತ್ತಿ, ರಾತ್ರಿ ಕುಡುಕರ ಜಗಳ ಬಿಡಿಸಿ, ಲೆಕ್ಕ ಬರೆದು ಮಲಗುವ ಕಷ್ಟ ಯಾಕೆ ಪಡುತ್ತಾರೆ? ಲೀಸಿಗೆ ಕೊಡುತ್ತಾರೆ. ಮುಂಗಡ ಇಷ್ಟು, ತಿಂಗಳಿಗೆ ಇಷ್ಟು. ಸನ್ನದುದಾರರು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಮಕ್ಕಳ ಮನೆಯಲ್ಲಿರುತ್ತಾರೆ. ವರ್ಷಕ್ಕೊಮ್ಮೆ ಜೂನ್ ತಿಂಗಳಲ್ಲಿ ಸಹಿ ಹಾಕುತ್ತಾರೆ. ಕೆಲವರು ಜಿಪಿಎ ಬರೆದುಕೊಟ್ಟು ಆ ಸಹಿಯ ಕಷ್ಟದಿಂದಲೂ ಪಾರಾಗಿದ್ದಾರೆ.

ಕಾನೂನು ಇದಕ್ಕೆ ಒಪ್ಪುತ್ತದಾ? ಇಲ್ಲ. ಕರ್ನಾಟಕ ಅಬಕಾರಿ ಕಾಯ್ದೆ 1965ರದು. ಅದರ 29ನೇ ಕಲಮು ಸನ್ನದನ್ನು ರದ್ದು ಮಾಡುವ, ಅಮಾನತಿನಲ್ಲಿಡುವ ಅಧಿಕಾರದ್ದು. ಅಲ್ಲಿ ಹೇಳಿರುವ ಕಾರಣಗಳಲ್ಲಿ ಒಂದು, ಅಧಿಕಾರಿಯ ಅನುಮತಿ ಇಲ್ಲದೆ ಸನ್ನದನ್ನು ಇನ್ನೊಬ್ಬರಿಗೆ ವರ್ಗಾಯಿಸುವುದು ಅಥವಾ ಒಳಗುತ್ತಿಗೆಗೆ ಕೊಡುವುದು. ಅಂದರೆ ಊರೂರಲ್ಲಿ ಎಲ್ಲರ ಕಣ್ಣೆದುರೇ ನಡೆಯುವ ಈ ಲೀಸ್ ವ್ಯವಹಾರ ಕಾಯ್ದೆಯ ಪ್ರಕಾರ ಸನ್ನದು ಕಳೆದುಕೊಳ್ಳುವಷ್ಟು ದೊಡ್ಡ ತಪ್ಪು. ಕಸುಬು ಬೇಡವಾದವರಿಗೆ ನೇರ ದಾರಿಯೂ ಇದೆ. ಶುಲ್ಕ ಕಟ್ಟಿ ಅಧಿಕೃತವಾಗಿ ಇನ್ನೊಬ್ಬರ ಹೆಸರಿಗೆ ವರ್ಗಾಯಿಸಬಹುದು. ಆ ದಾರಿಯಲ್ಲಿ ಹೋದರೆ ಒಂದು ಸಲ ದುಡ್ಡು ಬರುತ್ತದೆ. ಲೀಸಿನಲ್ಲಾದರೆ ತಿಂಗಳು ತಿಂಗಳು ಬರುತ್ತದೆ, ಕಾಗದವೂ ಮನೆಯಲ್ಲೇ ಉಳಿಯುತ್ತದೆ. ಹಾಲು ಕೊಡುವ ಎಮ್ಮೆಯನ್ನು ಯಾರು ಮಾರುತ್ತಾರೆ?

ಇರಲಿ, ಯಾರೋ ಯಾರಿಗೋ ಬಾಡಿಗೆಗೆ ಕೊಟ್ಟರೆ ನಮಗೇನು ಕಷ್ಟ ಅಂತ ಕೇಳಬಹುದು. ಕಷ್ಟ ನಮಗೇ. ಆ ಬಾಡಿಗೆ ಎಲ್ಲಿಂದ ಹುಟ್ಟುತ್ತದೆ ಅಂತ ಯೋಚಿಸಿ.

ರಾಜ್ಯದಲ್ಲಿ ಮದ್ಯದ ಸಗಟು ವ್ಯವಹಾರವೆಲ್ಲ 2003ರಲ್ಲಿ ಶುರುವಾದ ಕೆಎಸ್‌ಬಿಸಿಎಲ್ ಮೂಲಕ ನಡೆಯುತ್ತದೆ. ಬಾಟಲಿಯ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ. ಅದರಲ್ಲಿ ಚಿಲ್ಲರೆ ಅಂಗಡಿಯ ಪಾಲು ಇಷ್ಟೇ ಅಂತ ಮೊದಲೇ ಗೊತ್ತು. ಆ ಪಾಲಿನಲ್ಲಿ ಕಟ್ಟಡದ ಬಾಡಿಗೆ, ಕರೆಂಟು, ಹುಡುಗರ ಸಂಬಳ, ಸರ್ಕಾರದ ಶುಲ್ಕ ಹೋಗಬೇಕು. ಅದರ ಮೇಲೆ ಗೋಡೆಯ ಕಾಗದಕ್ಕೂ ಬಾಡಿಗೆ ಕಟ್ಟಬೇಕು ಅಂದರೆ ಲೀಸಿನವನು ಏನು ಮಾಡುತ್ತಾನೆ? ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, ತಿಂಗಳಿಗೆ ಕಾಗದದ ಬಾಡಿಗೆ 1 ಲಕ್ಷ ರೂಪಾಯಿ. ಕ್ವಾರ್ಟರ್ ಮೇಲೆ 10 ರೂಪಾಯಿ ಜಾಸ್ತಿ ತಗೊಂಡರೂ ಅದನ್ನು ತುಂಬಿಸಲು 10 ಸಾವಿರ ಕ್ವಾರ್ಟರ್ ಹೋಗಬೇಕು. ದಿನಕ್ಕೆ 330ಕ್ಕಿಂತ ಹೆಚ್ಚು. ಅಂಗಡಿಗೆ ನಡೆದು ಬರುವ ಗಿರಾಕಿಯಿಂದಲೇ ಅಷ್ಟು ಆಗುವುದಿಲ್ಲ. ಆಗ ಬೈಕಿನ ಹಿಂದೆ ಬಾಕ್ಸ್ ಕಟ್ಟುತ್ತಾರೆ.

ಆ ಬಾಕ್ಸ್ ಎಲ್ಲಿಗೆ ಹೋಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಿಟ್ಟಿನ ಗಿರಣಿ ಪಕ್ಕದ ಗೂಡಂಗಡಿಗೆ, ಕಿರಾಣಿ ಅಂಗಡಿಯ ಹಿಂದಿನ ಕೋಣೆಗೆ, ತಾಂಡಾದ ಕೊನೆಯ ಮನೆಗೆ. ಬೆಳಗ್ಗೆ ಐದೂವರೆಗೇ ಟೆಟ್ರಾ ಪ್ಯಾಕ್ ಸಿಗುತ್ತದೆ. ಹಾಲಿನ ಡೈರಿಗಿಂತ ಮೊದಲು. ಕೂಲಿಗೆ ಹೋಗುವವರು ಒಂದು ಹಾಕಿಕೊಂಡೇ ಹೋಗುತ್ತಾರೆ. ಸಾಲ ಬರೆದುಕೊಳ್ಳುವ ಪುಸ್ತಕವೂ ಇರುತ್ತದೆ. ಶನಿವಾರ ಬಟವಾಡೆ ಆದ ತಕ್ಷಣ ಆ ಪುಸ್ತಕ ಹೊರಗೆ ಬರುತ್ತದೆ, ಮನೆಗೆ ಬರಬೇಕಾದ ದುಡ್ಡು ಅಲ್ಲೇ ಮುಗಿಯುತ್ತದೆ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಹಳ್ಳಿಯ ಹೆಂಗಸರು ಉಸಿರು ಬಿಟ್ಟಿದ್ದರು. ಪ್ಯಾಕೆಟ್ ಸಾರಾಯಿ ಹೋಯಿತು, ಬಾಕ್ಸ್ ಬಂತು.

ಈ ಬಾಕ್ಸ್ ವ್ಯಾಪಾರಕ್ಕೆ ಲೀಸ್ ಒಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಸನ್ನದುದಾರರೇ ಕೂತು ನಡೆಸುವ ಅಂಗಡಿಯಿಂದಲೂ ಬಾಕ್ಸ್ ಹೋಗುತ್ತದೆ, ಎಂಎಸ್‌ಐಎಲ್‌ನಿಂದಲೂ ಹೋಗುತ್ತದೆ ಎಂಬ ದೂರು ಇದೆ. ಆದರೆ ಕಾಗದದ ಬಾಡಿಗೆ ಹೆಗಲ ಮೇಲಿರುವವನಿಗೆ ಬೇರೆ ದಾರಿಯೇ ಕಾಣುವುದಿಲ್ಲ. ಮುಂಗಡಕ್ಕೆ ಹೊಲ ಅಡವಿಟ್ಟಿರುತ್ತಾನೆ, ಹೆಂಡತಿಯ ಬಂಗಾರ ಬ್ಯಾಂಕಿನಲ್ಲಿರುತ್ತದೆ. ಸನ್ನದುದಾರ ನಾಳೆ ಬಂದು ಜಾಗ ಖಾಲಿ ಮಾಡು ಅಂದರೆ ಅವನಿಗೆ ತೋರಿಸಲು ಕಾಗದ ಇಲ್ಲ. ಕಾಯ್ದೆಗೆ ವಿರುದ್ಧವಾದ ಕರಾರು ಹಿಡಿದುಕೊಂಡು ಯಾವ ಕೋರ್ಟಿಗೆ ಹೋಗುತ್ತಾನೆ? ಹಾಗಾಗಿ ಕೈಯಲ್ಲಿ ಅಂಗಡಿ ಇರುವಷ್ಟು ದಿನ ಬಾಚಿಕೊಳ್ಳುವುದೇ ಅವನ ಲೆಕ್ಕ. ನಮ್ಮೂರ ಹುಡುಗರೇ ಹೀಗೆ ಲೀಸ್ ಹಿಡಿದು ಮುಳುಗಿದ್ದನ್ನು ನೀವೂ ನೋಡಿರುತ್ತೀರಿ.

ಇನ್ನು ಕೇಸಿನ ಮಾತು. ದಾಳಿ ಆಗುತ್ತದೆ, ಪೇಪರಿನಲ್ಲಿ ಬರುತ್ತದೆ, ಇಷ್ಟು ಲೀಟರ್ ವಶ ಅಂತ. ಆರೋಪಿ ಯಾರು? ಬೈಕ್ ಓಡಿಸಿದ ಹುಡುಗ, ಇಲ್ಲವೇ ಗೂಡಂಗಡಿಯ ಅಜ್ಜಿ. ಬಾಕ್ಸ್ ಹೊರಟ ಅಂಗಡಿಯ ಲೀಸಿನವನಿಗೆ ಕಾಗದದ ಮೇಲೆ ಆ ಅಂಗಡಿಗೂ ತನಗೂ ಸಂಬಂಧವೇ ಇಲ್ಲ. ಸನ್ನದುದಾರನಿಗೆ ಸಂಬಂಧ ಇದೆ, ಆದರೆ ಅವನು ಊರಲ್ಲಿ ಇಲ್ಲ. ತಿಂಗಳಿಗೆ ಇಂತಿಷ್ಟು ಕೂಲಿಗೆ ದುಡಿಯುವ ಹುಡುಗ ಮಾತ್ರ ತಾರೀಖಿಗೆ ತಾರೀಖು ಕೋರ್ಟ್ ಅಲೆಯುತ್ತಾನೆ. ಹೊಣೆ ಮತ್ತು ಲಾಭ ಬೇರೆ ಬೇರೆ ಆದರೆ ಹೊಣೆ ಯಾವಾಗಲೂ ಬಡವನ ಮನೆ ಹುಡುಕಿಕೊಂಡು ಬರುತ್ತದೆ.

2017ರಲ್ಲಿ ಏನಾಯಿತು ನೆನಪಿದೆಯಾ? ಹೆದ್ದಾರಿ ಪಕ್ಕದ ಮದ್ಯದಂಗಡಿಗಳನ್ನು ದೂರ ಇಡಬೇಕು ಅಂತ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೇಳಿತು. 500 ಮೀಟರ್ ದೂರ. 20 ಸಾವಿರದವರೆಗೆ ಜನ ಇರುವ ಊರುಗಳಲ್ಲಿ 220 ಮೀಟರ್ ಅಂತ 2017ರ ಮಾರ್ಚ್ 31ಕ್ಕೆ ತಿದ್ದಿತು. ನಮ್ಮಲ್ಲಿ ಜೂನ್ 30ಕ್ಕೆ ಅಬಕಾರಿ ವರ್ಷ ಮುಗಿದಾಗ ಹೆದ್ದಾರಿಯ ಅಂಗಡಿಗಳು ಜಾಗ ಹುಡುಕಲು ಶುರು ಮಾಡಿದವು. ಲಾರಿ ಡ್ರೈವರುಗಳು ಕುಡಿದು ಗಾಡಿ ಓಡಿಸಬಾರದು ಎಂಬ ಒಳ್ಳೆಯ ಉದ್ದೇಶದ ತೀರ್ಪು ಅದು. ಫಲ ಮಾತ್ರ ಎಷ್ಟೋ ಹಳ್ಳಿಗಳಿಗೆ ತಲೆನೋವಾಯಿತು. ಹೆದ್ದಾರಿಯಲ್ಲಿದ್ದ ಅಂಗಡಿ ಊರೊಳಗೆ ಬಂತು, ತೋಟದ ಮನೆಗೆ ಬಂತು, ಶಾಲೆಯಿಂದ 100 ಮೀಟರ್ ಅಳೆದು 101ನೇ ಮೀಟರಿಗೆ ಬಂತು. ಹೆಂಗಸರು ಪೊರಕೆ ಹಿಡಿದು ರಸ್ತೆಗಿಳಿದರು. ಆಗ ಯಾರ ಹತ್ತಿರ ಮಾತಾಡಬೇಕಿತ್ತು? ಸ್ಥಳಾಂತರಕ್ಕೆ ಅರ್ಜಿ ಹಾಕಿದ್ದು ಸನ್ನದುದಾರರ ಹೆಸರಿನಲ್ಲಿ. ಅವರನ್ನು ಊರಿನವರು ಮುಖ ನೋಡಿಯೂ ಗೊತ್ತಿಲ್ಲ. ನಮ್ಮೂರಲ್ಲೇ ಇರುವ ಅಂಗಡಿಯವನಾಗಿದ್ದರೆ ಜಾತ್ರೆಯಲ್ಲಿ, ಮದುವೆಯಲ್ಲಿ, ಹಾಲಿನ ಡೈರಿ ಕಟ್ಟೆಯಲ್ಲಿ ಸಿಗುತ್ತಾನೆ. ನಾಲ್ಕು ಜನ ಕೇಳುತ್ತಾರೆ ಎಂಬ ಅಂಜಿಕೆ ಇರುತ್ತದೆ. ಕಾಗದಕ್ಕೆ ಅಂಜಿಕೆ ಇಲ್ಲ.

2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರು. ರಾಯಚೂರು, ಕೊಪ್ಪಳ ಕಡೆಯಿಂದ ಬಂದ ಕೂಲಿ ಹೆಂಗಸರೇ ಬಹಳ. ಅವರು ಕೇಳಿದ್ದು ಪೂರ್ತಿ ಮದ್ಯ ನಿಷೇಧ. ಸರ್ಕಾರ ಆದಾಯದ ಲೆಕ್ಕ ತೋರಿಸುತ್ತದೆ, ಆ ಮಾತು ಅಲ್ಲಿಗೇ ನಿಲ್ಲುತ್ತದೆ. ಆದರೆ ಕಸುಬು ಬಿಟ್ಟವರ ಸನ್ನದು ನವೀಕರಿಸಬೇಡಿ ಎಂಬ ಬೇಡಿಕೆಗೆ ಆದಾಯದ ನೆಪ ಹೇಳಲು ಆಗುವುದಿಲ್ಲ. ಅಂಗಡಿ ಎಷ್ಟಿದ್ದರೂ ಶುಲ್ಕ, ಸುಂಕ ಸರ್ಕಾರಕ್ಕೇ ಹೋಗುತ್ತದೆ. ನಡುವೆ ಕೂತವರ ಬಾಡಿಗೆ ಮಾತ್ರ ಖಜಾನೆಗೆ ಹೋಗುವುದಿಲ್ಲ. 2025ರ ಬಜೆಟ್ಟಿನಲ್ಲಿ ಸನ್ನದುಗಳನ್ನು ಎಲೆಕ್ಟ್ರಾನಿಕ್ ಹರಾಜಿನ ಮೂಲಕ ಹಂಚುವ ಮಾತನ್ನು ಸರ್ಕಾರವೇ ಆಡಿತು. ಕಾಗದಕ್ಕೆ ಎಷ್ಟು ಬೆಲೆ ಇದೆ ಅಂತ ಅವರಿಗೂ ಗೊತ್ತಿದೆ ಅಂದಂತಾಯಿತು.

ಇಲ್ಲಿ ಒಂದು ಹೊರಗಿನ ಉದಾಹರಣೆ ಹೇಳಬೇಕು. ನವೀಕರಣವೇ ಬೇಡ ಎಂದು ತೀರ್ಮಾನ ಮಾಡಿದ ದೇಶವೂ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರ ಲೈಸೆನ್ಸಿಂಗ್ ಕಾಯ್ದೆ ಬಂದಾಗ ಮದ್ಯ ಮಾರಾಟಕ್ಕೆ ಎರಡು ಬೇರೆ ಬೇರೆ ಕಾಗದ ಮಾಡಿದರು. ಒಂದು ಜಾಗಕ್ಕೆ, ಇನ್ನೊಂದು ವ್ಯಕ್ತಿಗೆ. ವ್ಯಕ್ತಿಯ ಲೈಸೆನ್ಸಿಗೆ ಒಂದು ಸಣ್ಣ ಪರೀಕ್ಷೆ ಪಾಸಾಗಬೇಕು, ಪೊಲೀಸ್ ದಾಖಲೆ ತೋರಿಸಬೇಕು, 37 ಪೌಂಡ್ ಶುಲ್ಕ ಕಟ್ಟಬೇಕು. ಅದು 10 ವರ್ಷಕ್ಕೆ ಇತ್ತು. 2005ರಲ್ಲಿ ಜಾರಿಗೆ ಬಂದಿದ್ದರಿಂದ 2015ಕ್ಕೆ ಮೊದಲ ನವೀಕರಣದ ಸರದಿ ಬಂತು. ಅಷ್ಟರಲ್ಲಿ ಎಷ್ಟೋ ಜನ ಪಬ್ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಹೋಗಿದ್ದರು. ಅವರನ್ನೆಲ್ಲ ಕರೆದು ಮತ್ತೆ ಅರ್ಜಿ ಹಾಕಿಸುವುದು ದಂಡ ಅಂತ ಅವರು 2015ರ ಏಪ್ರಿಲ್ 1ರಿಂದ ನವೀಕರಣವನ್ನೇ ತೆಗೆದರು. ಒಮ್ಮೆ ಪಡೆದರೆ ಮುಗಿಯಿತು.

ಪಕ್ಕದ ಸ್ಕಾಟ್ಲೆಂಡಿನಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿ 10 ವರ್ಷಕ್ಕೊಮ್ಮೆ ನವೀಕರಣ, 5 ವರ್ಷಕ್ಕೊಮ್ಮೆ ಮರುತರಬೇತಿ. 2014ರಲ್ಲಿ ಆ ತರಬೇತಿಯ ಕಾಗದವನ್ನು ಸಮಯಕ್ಕೆ ತೋರಿಸದ ಎಷ್ಟೋ ಜನರ ಲೈಸೆನ್ಸ್ ಹೋಯಿತು. ಐದು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ ಎಂಬ ನಿಯಮವೂ ಇತ್ತು. ಬಾರಿನಲ್ಲಿ ನಿಜವಾಗಿ ದುಡಿಯುತ್ತಿದ್ದವರೇ ಅದಕ್ಕೆ ಸಿಕ್ಕಿಕೊಂಡರು. ಆಮೇಲೆ ಕಾಯ್ದೆ ತಿದ್ದಿ ಆ ಐದು ವರ್ಷದ ನಿಷೇಧವನ್ನು ತೆಗೆಯಬೇಕಾಯಿತು.

ನನಗೆ ಇಂಗ್ಲೆಂಡಿನವರು ಮಾಡಿದ್ದು ಸರಿ ಅನ್ನಿಸುತ್ತದೆ. ಹಾಗಾದರೆ ಇಲ್ಲಿ ಯಾಕೆ ಉಲ್ಟಾ ಮಾತಾಡುತ್ತಿದ್ದೇನೆ? ಎರಡೂ ಕಾಗದದ ಜಾತಿ ಬೇರೆ. ಅಲ್ಲಿಯದು ಡ್ರೈವಿಂಗ್ ಲೈಸೆನ್ಸ್ ಇದ್ದ ಹಾಗೆ. ಇವನಿಗೆ ಕೆಲಸ ಗೊತ್ತು ಅನ್ನುವುದಕ್ಕೆ ಸಾಕ್ಷಿ. ಟ್ರ್ಯಾಕ್ಟರ್ ಓಡಿಸುವುದು ಬಿಟ್ಟವನ ಜೇಬಿನಲ್ಲಿ ಡಿಎಲ್ ಇದ್ದರೆ ಯಾರಿಗೂ ನಷ್ಟ ಇಲ್ಲ, ಇನ್ನೊಬ್ಬನ ಡಿಎಲ್ ಅದರಿಂದ ಕಡಿಮೆಯಾಗುವುದಿಲ್ಲ. ಅದನ್ನು ಬಾಡಿಗೆಗೂ ಕೊಡಲು ಬರುವುದಿಲ್ಲ. ನಮ್ಮ ಸಿಎಲ್-2, ಸಿಎಲ್-9 ಹಾಗಲ್ಲ. ಎಣಿಸಿ ಇಟ್ಟ ಸಂಖ್ಯೆ ಅದು. ಒಬ್ಬ ಹಿಡಿದುಕೊಂಡು ಕೂತರೆ ಇನ್ನೊಬ್ಬನಿಗೆ ಸಿಗುವುದಿಲ್ಲ. ಯಾವ ತಿಳಿವಳಿಕೆಗೂ ಅದು ಸಾಕ್ಷಿಯಲ್ಲ, ವ್ಯಾಪಾರ ಮಾಡುವ ಹಕ್ಕಿನ ಚೀಟಿ. ವ್ಯಾಪಾರ ಮಾಡದವನ ಕೈಯಲ್ಲಿ ಆ ಚೀಟಿ ಯಾಕಿರಬೇಕು?

ಹಕ್ಕು ಅಂದೆ. ಅದೂ ಪೂರ್ತಿ ಹಕ್ಕಲ್ಲ. ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ, ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ, ಸರ್ಕಾರ ಅದನ್ನು ನಿಷೇಧಿಸಬಹುದು, ತನ್ನ ಕೈಯಲ್ಲೇ ಇಟ್ಟುಕೊಳ್ಳಬಹುದು, ಕಟ್ಟುಪಾಡಿನೊಂದಿಗೆ ಬೇರೆಯವರಿಗೂ ಕೊಡಬಹುದು ಅಂತ. ನಮ್ಮ ರಾಜ್ಯದಿಂದಲೇ ಹೋದ ಪ್ರಕರಣ. ಹೀಗಿರುವಾಗ ಸನ್ನದು ಅಪ್ಪನ ಆಸ್ತಿಯಂತೆ ಯಾಕೆ ನಡೆಯುತ್ತಿದೆ?

ಇದೇ ಮದ್ಯದ ಕಸುಬಿನಲ್ಲಿ ಕೆಳಗಿದ್ದವರಿಗೆ ಏನಾಯಿತು ಅಂತ ನೋಡಿದರೆ ಸಿಟ್ಟು ಬರುತ್ತದೆ. ಸೇಂದಿ ಇಳಿಸುವವರನ್ನು ತಗೊಳ್ಳಿ. ದಕ್ಷಿಣ ಕನ್ನಡ, ಉಡುಪಿ ಬಿಟ್ಟು ಉಳಿದ ಕಡೆ ಸೇಂದಿಯನ್ನು ಸಾರಾಯಿಗಿಂತಲೂ ಮೊದಲೇ ನಿಲ್ಲಿಸಲಾಯಿತು. ತಲೆಮಾರುಗಳಿಂದ ಈಚಲ ಮರ ಹತ್ತುತ್ತಿದ್ದ ಮನೆಗಳ ಕಸುಬು ಒಂದು ಆದೇಶಕ್ಕೆ ಹೋಯಿತು. ಕರಾವಳಿಯಲ್ಲಿ ಉಳಿದಿರುವ ಮೂರ್ತೆದಾರ ಈಗಲೂ ತಾನೇ ಮರ ಹತ್ತಬೇಕು. ಬಿದ್ದರೆ ಸೊಂಟ ಅವನದೇ. ಮರ ಹತ್ತಲಾಗದ ದಿನ ಅವನ ಸಂಪಾದನೆಯೂ ಮುಗಿಯಿತು. 2007ರಲ್ಲಿ ಸಾರಾಯಿ ಅಂಗಡಿಯಲ್ಲಿ ಪ್ಯಾಕೆಟ್ ಹರಿದು ಕೊಡುತ್ತಿದ್ದವರೂ ಹಾಗೇ, ಮಾರನೆಯ ದಿನದಿಂದ ಕೂಲಿಗೆ. ಯಾರಿಗೂ ನವೀಕರಣ ಇರಲಿಲ್ಲ. ಮೈ ದುಡಿಸಿದವರ ಪರವಾನಗಿ ಕೆಲಸದ ಜೊತೆ ಸತ್ತಿತು, ಕಾಗದ ಇಟ್ಟುಕೊಂಡವರದು ಕೆಲಸ ಬಿಟ್ಟ ಮೇಲೂ ಬದುಕಿದೆ.

ಬೇರೆ ಕಡೆ ಸರ್ಕಾರ ಎಷ್ಟು ಬಿಗಿ ಅಂತ ನಿಮಗೆ ಗೊತ್ತು. ಪಡಿತರ ಅಕ್ಕಿಗೆ ಹೆಬ್ಬೆಟ್ಟು ಒತ್ತಬೇಕು. ಬೆರಳು ಸವೆದ ಅಜ್ಜಿಯರ ಗುರುತು ಯಂತ್ರ ಹಿಡಿಯದೆ ನ್ಯಾಯಬೆಲೆ ಅಂಗಡಿಯ ಮುಂದೆ ಗಂಟೆಗಟ್ಟಲೆ ಕೂರುತ್ತಾರೆ. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ತೋರಿಸಬೇಕು. ಒಂದು ಚೀಲ ಅಕ್ಕಿಗೆ ಇಷ್ಟು ಪರೀಕ್ಷೆ. ಕೋಟಿ ಬೆಲೆಯ ಸನ್ನದಿಗೆ, ಅಯ್ಯಾ ಈ ಅಂಗಡಿ ನೀವೇ ನಡೆಸುತ್ತಿದ್ದೀರಾ ಅಂತ ಒಂದು ಪ್ರಶ್ನೆ ಕೇಳುವುದು ಅಷ್ಟು ಕಷ್ಟವಾ?

ಕಷ್ಟ ಅಲ್ಲ. ಕೆಎಸ್‌ಬಿಸಿಎಲ್‌ಗೆ ಮಾಲಿನ ದುಡ್ಡು ಯಾರ ಖಾತೆಯಿಂದ ಹೋಗುತ್ತದೆ, ಅಂಗಡಿಯ ಕ್ಯೂಆರ್ ಯಾರ ಖಾತೆಗೆ ಸೇರಿದೆ, ಕಟ್ಟಡದ ಬಾಡಿಗೆ ಕರಾರಿನಲ್ಲಿ ಯಾರ ಸಹಿ ಇದೆ, ಹುಡುಗರಿಗೆ ಸಂಬಳ ಕೊಡುವುದು ಯಾರು, ಇಷ್ಟು ನೋಡಿದರೆ ಒಂದು ದಿನದಲ್ಲಿ ಗೊತ್ತಾಗುತ್ತದೆ. ಜೂನ್ ತಿಂಗಳ ನವೀಕರಣಕ್ಕೆ ಇಷ್ಟು ಪರಿಶೀಲನೆ ಸೇರಿಸಿದರೆ ಸಾಕು. ತಾನೇ ನಡೆಸುತ್ತಿಲ್ಲ ಅಂತ ಗೊತ್ತಾದರೆ ಒಂದು ವರ್ಷ ಅವಕಾಶ ಕೊಡಿ. ಬಂದು ನಡೆಸಲಿ, ಇಲ್ಲವೇ ನಿಜವಾಗಿ ನಡೆಸುತ್ತಿರುವವನ ಹೆಸರಿಗೆ ಶುಲ್ಕ ಕಟ್ಟಿ ವರ್ಗಾಯಿಸಲಿ, ಇಲ್ಲವೇ ಸರ್ಕಾರಕ್ಕೆ ಒಪ್ಪಿಸಲಿ. ಬಾಗಿಲೇ ತೆಗೆಯದೆ ಬರೀ ಶುಲ್ಕ ಕಟ್ಟಿ ಕಾಗದವನ್ನು ಬೆಚ್ಚಗೆ ಇಟ್ಟುಕೊಂಡವರದು ಅಷ್ಟೂ ಕಾಯುವುದು ಬೇಡ, ಅದೇ ಜೂನ್ 30ಕ್ಕೆ ಮುಗಿಯಲಿ. ಹೀಗೆ ವಾಪಸ್ ಬಂದ ಸನ್ನದನ್ನು ಮತ್ತೆ ಹರಾಜಿಗೆ ಇಡಲೇಬೇಕು ಅಂತೇನೂ ಇಲ್ಲ. ಆ ಊರಿಗೆ ಅಂಗಡಿ ಬೇಕಾ ಅಂತ ಗ್ರಾಮಸಭೆಯನ್ನು ಕೇಳಲಿ.

ಇದಕ್ಕೆ ಬರುವ ವಾದಗಳಲ್ಲಿ ಒಂದು ನನ್ನನ್ನೂ ಯೋಚನೆಗೆ ಹಚ್ಚಿದೆ. ಗಂಡ ಸತ್ತಿದ್ದಾನೆ. ಸನ್ನದು ಹೆಂಡತಿಯ ಹೆಸರಿಗೆ ಬಂದಿದೆ. ವಾರಸುದಾರರ ಹೆಸರಿಗೆ ಮಾಡಿಕೊಡಲು ನಿಯಮದಲ್ಲೇ ದಾರಿ ಇದೆ. ಆಕೆ ಬಾರಿನ ಗಲ್ಲಾದಲ್ಲಿ ಕೂರುವ ಪರಿಸ್ಥಿತಿ ನಮ್ಮ ಹಳ್ಳಿಗಳಲ್ಲಿ ಇಲ್ಲ. ಲೀಸಿನ ದುಡ್ಡಿನಿಂದ ಮಕ್ಕಳನ್ನು ಓದಿಸುತ್ತಿದ್ದಾಳೆ. ಅವಳ ಸನ್ನದನ್ನೂ ಕಿತ್ತುಕೊಳ್ಳಬೇಕಾ? ವಯಸ್ಸಾದವರು, ಪಾರ್ಶ್ವವಾಯು ಹೊಡೆದು ಮಲಗಿದವರೂ ಇದ್ದಾರೆ. ಅಂಥವರಿಗೆ ಸಮಯ ಕೊಡಬೇಕು, ಎರಡು ಮೂರು ವರ್ಷ ಆದರೂ ಸರಿ. ನಂಬಿಕೆಯ ಮ್ಯಾನೇಜರನ್ನು ಇಟ್ಟು ನಡೆಸುವುದಾದರೆ ನಡೆಸಲಿ. ಸಂಬಳಕ್ಕೆ ಮ್ಯಾನೇಜರ್ ಇಡುವುದು ಬೇರೆ, ಅಂಗಡಿಯನ್ನೇ ಲೀಸಿಗೆ ಬಿಡುವುದು ಬೇರೆ. ಮ್ಯಾನೇಜರ್ ತಪ್ಪು ಮಾಡಿದರೆ ಹೊಣೆ ಮಾಲೀಕರ ಮೇಲೇ ಇರುತ್ತದೆ, ಲಾಭ ನಷ್ಟವೂ ಅವರದೇ. ಆಮೇಲೂ ಆಗದಿದ್ದರೆ ಅಧಿಕೃತವಾಗಿ ವರ್ಗಾಯಿಸಿ ಬಂದ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟುಕೊಳ್ಳಲಿ. ಅದರಲ್ಲಿ ಯಾರಿಗೂ ಅನ್ಯಾಯ ಇಲ್ಲ. ಆದರೆ ಒಂದು ಮಾತು ಹೇಳಬೇಕು. ವಿಧವೆಯ ಹೆಸರನ್ನು ಮುಂದೆ ಇಟ್ಟು ವಾದ ಮಾಡುವವರು ಸಾಮಾನ್ಯವಾಗಿ ನಾಲ್ಕೈದು ಸನ್ನದು ಕೈಯಲ್ಲಿಟ್ಟುಕೊಂಡ ಗಂಡಸರು. ಆ ಬಾರಿನಲ್ಲಿ ಕುಡಿದು ಕುಡಿದು ಸತ್ತವನ ಹೆಂಡತಿಯೂ ವಿಧವೆಯೇ ಅನ್ನುವುದು ಅವರಿಗೆ ನೆನಪಾಗುವುದಿಲ್ಲ.

ಇನ್ನೊಂದು ವಾದ, ಸನ್ನದು ಕಿತ್ತುಕೊಂಡು ಹರಾಜಿಗೋ ಲಾಟರಿಗೋ ಇಟ್ಟರೆ ದೊಡ್ಡ ಕುಳಗಳೇ ಬರುತ್ತವೆ ಅನ್ನುವುದು. ಇದರಲ್ಲಿ ಹುರುಳಿದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನ ಓದುಗರಿಗೆ ಗಡಿಯಾಚೆಯ ಕಥೆ ಗೊತ್ತು. ತೆಲಂಗಾಣದಲ್ಲಿ 2,620 ಮದ್ಯದಂಗಡಿಗಳಿಗೆ ಎರಡು ವರ್ಷಕ್ಕೊಮ್ಮೆ ಚೀಟಿ ಎತ್ತುತ್ತಾರೆ. ಸನ್ನದಿನ ಅವಧಿ ಎರಡೇ ವರ್ಷ. ಮುಗಿದ ಮೇಲೆ ಅದು ಯಾರದೂ ಅಲ್ಲ. ಕಳ್ಳು ಇಳಿಸುವ ಗೌಡ ಸಮುದಾಯಕ್ಕೆ ಶೇಕಡಾ 15, ಪರಿಶಿಷ್ಟ ಜಾತಿಗೆ 10, ಪರಿಶಿಷ್ಟ ಪಂಗಡಕ್ಕೆ 5 ಮೀಸಲು ಇದೆ. ಕೇಳಲು ಚೆನ್ನಾಗಿದೆ. ಆದರೆ ಅರ್ಜಿ ಶುಲ್ಕವೇ 2023ರಲ್ಲಿ 2 ಲಕ್ಷ ಇತ್ತು, 2025ರಲ್ಲಿ 3 ಲಕ್ಷ ಆಯಿತು. ಚೀಟಿ ಬರದಿದ್ದರೆ ಆ ದುಡ್ಡು ವಾಪಸ್ ಇಲ್ಲ. ಅಷ್ಟು ದುಡ್ಡನ್ನು ಜೂಜಿಗೆ ಹಾಕಿದಂತೆ ಹಾಕಬಲ್ಲವರು ಯಾರು? ಅವಧಿ ಇಟ್ಟಿದ್ದು ಅವರ ಒಳ್ಳೆಯ ಕೆಲಸ, ಶುಲ್ಕ ಇಟ್ಟಿದ್ದು ಕೆಟ್ಟದ್ದು. ನಾವು ಮೊದಲನೆಯದನ್ನು ಮಾತ್ರ ತಗೊಳ್ಳಬಹುದು.

ಔಷಧಿ ಅಂಗಡಿಗಳಲ್ಲೂ ಇದೇ ರೋಗ ಇದೆ, ಫಾರ್ಮಸಿಸ್ಟ್ ಸರ್ಟಿಫಿಕೇಟ್ ಗೋಡೆಯ ಮೇಲೆ, ಮಾತ್ರೆ ಕೊಡುವವರು ಬೇರೆ. ಅದು ಇನ್ನೊಂದು ಲೇಖನದ ವಿಷಯ, ಇಲ್ಲಿಗೆ ಬಿಡುತ್ತೇನೆ.

ಸರ್ಕಾರ ತಾನಾಗಿ ಇದನ್ನು ಮಾಡುತ್ತದೆ ಎಂಬ ನಂಬಿಕೆ ನನಗಿಲ್ಲ. ಆದರೆ ಊರಿನವರು ಕೇಳಲು ದಾರಿ ಇದೆ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಕಲಮಿನ ಪ್ರಕಾರ, ತಾನು ಕೊಟ್ಟ ಪರವಾನಗಿಗಳನ್ನು ಪಡೆದವರ ವಿವರವನ್ನು ಪ್ರತಿ ಇಲಾಖೆಯೂ ಯಾರೂ ಕೇಳದಿದ್ದರೂ ತಾನೇ ಪ್ರಕಟಿಸಬೇಕು. ಹಾಗಾಗಿ ಇದನ್ನು ಕೇಳುವುದು ಯಾರ ಖಾಸಗಿ ವಿಷಯಕ್ಕೂ ಕೈ ಹಾಕಿದಂತಲ್ಲ. ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಜೂನ್ 30ರ ಒಳಗೆ ಆಕ್ಷೇಪಣೆ ಸಲ್ಲಿಸಬೇಕು ಅಂದರೆ ಏಪ್ರಿಲ್ ಕೊನೆಗೇ ಅರ್ಜಿ ಹೋಗಿರಬೇಕು, ಮೇ ತಿಂಗಳಲ್ಲಿ ಮದುವೆ ಓಡಾಟದಲ್ಲಿ ಮರೆತುಹೋಗುತ್ತದೆ.

ಅರ್ಜಿಯನ್ನು ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆಯಿರಿ. ಉದ್ದ ಬೇಡ. ನಮ್ಮ ಊರಿನ ಇಂಥ ಅಂಗಡಿಯ ಸನ್ನದು ಯಾರ ಹೆಸರಿನಲ್ಲಿದೆ, ಕೊನೆಯ ಸಲ ಯಾವ ದಿನ ನವೀಕರಣ ಆಯಿತು, ಅದಕ್ಕೆ ಮೊದಲು ಯಾವ ಅಧಿಕಾರಿ ಸ್ಥಳಕ್ಕೆ ಬಂದು ನೋಡಿದರು, ಅವರು ಬರೆದ ವರದಿಯ ನಕಲು ಕೊಡಿ. ಈ ನಾಲ್ಕು ಸಾಲು ಸಾಕು. ಮೂರನೆಯ ಪ್ರಶ್ನೆಗೆ ಏನು ಉತ್ತರ ಬಂತು ಅಂತ ನಮಗೂ ಬರೆದು ತಿಳಿಸಿ.